ಆವಾಜ್ ಕಮ್

ನಾನು ಗಿಟಾರ್ ಬಾರಿಸುತ್ತೇನೆ ಎಂದರೆ ಜೇವರ್ಗಿಯ ಜನ ಮೊದಲು ನನ್ನ ಬಿಳಿ ಕೂದಲು ನೋಡುತ್ತಾರೆ, ಆಮೇಲೆ ನನ್ನ ಹೆಂಡತಿಯ ಮುಖ ನೋಡುತ್ತಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ, ನಿವೃತ್ತಿ ಹತ್ತಿರವಾದ ಮಾಸ್ತರ ಹಾರ್ಮೋನಿಯಂ ಹಿಡಿದು ಕೂತರೆ ಯಾರೂ ಏನೂ ಅನ್ನುವುದಿಲ್ಲ. ಗಿಟಾರ್ ಹಿಡಿದರೆ ಮಾತ್ರ ಮನೆಯಲ್ಲಿ ಎಲ್ಲ ಸರಿ ಇದೆಯೋ ಇಲ್ಲವೋ ಎಂದು ಅವರಿಗೆ ಅನುಮಾನ. ಮೊದಲು ಇದಕ್ಕೆ ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ, ತೋರಿಸುವುದಿಲ್ಲ ಅಷ್ಟೇ.

ಕಲಬುರಗಿಯಲ್ಲಿ ಓದುವಾಗ ಹಾಸ್ಟೆಲಿನ ಗೆಳೆಯನೊಬ್ಬ ಕಲಿಸಿದ ವಿದ್ಯೆ ಅದು. ನೌಕರಿ ಸಿಗುವ ತನಕ ಒಂದು ಆರ್ಕೆಸ್ಟ್ರಾ ಕಟ್ಟಿಕೊಂಡು ಆಳಂದ, ಅಫಜಲಪುರದ ಕಡೆ ಮದುವೆ ಮನೆಗಳನ್ನು ಸುತ್ತಿದೆವು. ಸರಸಂಬಾದಲ್ಲಿ ಒಂದು ಮದುವೆಯಲ್ಲಿ ಹೆಣ್ಣಿನವರು ಮರಾಠಿ ಹಾಡು ಬೇಕೆಂದರು, ಗಂಡಿನವರು ಕನ್ನಡವೇ ಆಗಬೇಕೆಂದರು. ನಾವು ಹಾಡುಗಾರನನ್ನು ಕೂರಿಸಿ ಬರೀ ಗಿಟಾರ್ ಬಾರಿಸಿ ಇಬ್ಬರನ್ನೂ ಸಮಾಧಾನ ಮಾಡಿದೆವು. ನನ್ನ ಆಯುಷ್ಯದ ದೊಡ್ಡ ಕಛೇರಿ ಅದೇ. ಆಮೇಲೆ ಎಲ್ಲರಿಗೂ ಒಂದೊಂದು ನೌಕರಿ ಸಿಕ್ಕಿ ಆರ್ಕೆಸ್ಟ್ರಾ ಮುರಿಯಿತು. ನನ್ನ ಪಾಲಿಗೆ ಒಂದು ಎಲೆಕ್ಟ್ರಿಕ್ ಗಿಟಾರ್ ಮತ್ತು ಅದರ ಪೆಟ್ಟಿಗೆ ಬಂತು.

ಪೆಟ್ಟಿಗೆ ಎಂದರೆ ಆಂಪ್ಲಿಫೈಯರ್. ಎಲೆಕ್ಟ್ರಿಕ್ ಗಿಟಾರಿಗೆ ತನ್ನದೇ ಆದ ಹೊಟ್ಟೆ ಇರುವುದಿಲ್ಲ, ಅದು ಬರೀ ಹಲಗೆ. ತಂತಿ ಮೀಟಿದರೆ ಸೊಳ್ಳೆ ಹಾರಿದಷ್ಟು ಸದ್ದು. ಆ ಸದ್ದನ್ನು ದೊಡ್ಡದು ಮಾಡುವುದು ಪೆಟ್ಟಿಗೆಯ ಕೆಲಸ. ನನ್ನದನ್ನು ಆಳಂದದಲ್ಲಿ ಮೈಕ್‌ಸೆಟ್ ರಿಪೇರಿ ಮಾಡುವವನೊಬ್ಬ ಕೈಯಾರೆ ಕಟ್ಟಿದ್ದ. ಎತ್ತಲು ಇಬ್ಬರು ಬೇಕು. ಅದರ ವಾಲ್ಯೂಮ್ ಗುಂಡಿಗೆ ಎರಡೇ ಗುಣ: ಒಂದು ಕಡೆ ಮೌನ, ಇನ್ನೊಂದು ಕಡೆ ಮೆರವಣಿಗೆ. ನಡುವೆ ಕೂದಲೆಳೆಯಷ್ಟು ಜಾಗದಲ್ಲಿ ಮನೆಗೆ ತಕ್ಕ ಸದ್ದು ಸಿಗುತ್ತಿತ್ತು. ಆ ಜಾಗವನ್ನು ಹುಡುಕಿ, ಹೆಂಡತಿಯ ಉಗುರುಬಣ್ಣದಿಂದ ಅಲ್ಲೊಂದು ಗೆರೆ ಎಳೆದಿದ್ದೆ. ಅಫಜಲಪುರದಿಂದ ಜೇವರ್ಗಿಗೆ ವರ್ಗವಾಗಿ ಬಂದಾಗ ಲಾರಿಯಲ್ಲಿ ಅಡುಗೆ ಸಾಮಾನಿಗಿಂತ ಮೊದಲು ಆ ಪೆಟ್ಟಿಗೆ ಏರಿತು ಎಂದು ಅವಳು ಇವತ್ತಿಗೂ ಬಂದವರ ಮುಂದೆ ಹೇಳುತ್ತಾಳೆ.

ಜೇವರ್ಗಿಯ ನಮ್ಮ ಬಾಡಿಗೆ ಮನೆಗೂ ಪಕ್ಕದ ಮನೆಗೂ ಗೋಡೆ ಒಂದೇ. ಗೋಡೆಯ ಆ ಕಡೆ, ಓಣಿಯವರೆಲ್ಲ ಚಿಕ್ಕಮ್ಮ ಎಂಬ ಅರ್ಥದಲ್ಲಿ ಖಾಲಾ ಎನ್ನುವ ಹೆಂಗಸು ಇದ್ದಾರೆ. ನಮಗಿಂತ ಹದಿನೈದು ವರ್ಷಕ್ಕೆ ದೊಡ್ಡವರು, ಓಣಿಯ ಅರ್ಧ ಹೆಂಗಸರ ಕುಪ್ಪಸ ಹೊಲಿದವರು. ಅವರ ಹೊಲಿಗೆ ಮಷೀನು ಆ ಗೋಡೆಗೇ ಆತುಕೊಂಡಿತ್ತು. ಮನೆಯವರ ಜೊತೆ ದಖನಿ ಉರ್ದುವಿನಲ್ಲಿ, ನಮ್ಮ ಜೊತೆ ನಮಗಿಂತ ಛಲೋ ಕನ್ನಡದಲ್ಲಿ ಮಾತಾಡುತ್ತಾರೆ. ಎಳ್ಳಮಾವಾಸ್ಯೆಗೆ ನಮ್ಮ ಭಜ್ಜಿ, ಸಜ್ಜೆ ರೊಟ್ಟಿ ಆ ಕಡೆ ಹೋಗುತ್ತದೆ. ಈದ್ ದಿನ ಅಲ್ಲಿಂದ ಶೀರ್ ಖುರ್ಮಾ ಈ ಕಡೆ ಬರುತ್ತದೆ. ಹನ್ನೊಂದು ವರ್ಷದಲ್ಲಿ ಒಂದು ಮಾತು ಹೆಚ್ಚುಕಡಿಮೆ ಆಗಿರಲಿಲ್ಲ.

ಸಂಜೆಯ ಅಜಾನ್ ಮುಗಿದ ಮೇಲೆ ಊಟದ ತನಕ ನಾನು ಬಾರಿಸುತ್ತಿದ್ದೆ. ಬಾರಿಸುತ್ತಿದ್ದೆ ಅನ್ನುವುದಕ್ಕಿಂತ ತಪ್ಪುತ್ತಿದ್ದೆ ಎನ್ನಬೇಕು. ನಾನೇ ಕಟ್ಟಿಕೊಂಡ ಒಂದು ಧಾಟಿ ಇದೆ. ಅದರಲ್ಲಿ ಕಿರುಬೆರಳು ಉದ್ದಕ್ಕೆ ಚಾಚಿ ಮೇಲಿನ ಸ್ವರ ಹಿಡಿದು ಕೆಳಗೆ ಜಾರಬೇಕಾದ ಒಂದು ತಿರುವು ಬರುತ್ತದೆ. ಆ ತಿರುವಿನಲ್ಲಿ ನಾನು ವರ್ಷಗಟ್ಟಲೆ ಮುಗ್ಗರಿಸಿದ್ದೇನೆ. ಮುಗ್ಗರಿಸುವುದು, ಮತ್ತೆ ಮೊದಲಿನಿಂದ ಶುರು ಮಾಡುವುದು, ಮತ್ತೆ ಮುಗ್ಗರಿಸುವುದು. ಇದನ್ನು ದಿನಾ ಕೇಳಿಸಿಕೊಂಡ ಖಾಲಾ ಛಲೋ ಅಂತಲೂ ಅಂದವರಲ್ಲ, ಸಾಕು ಅಂತಲೂ ಅಂದವರಲ್ಲ. ಅಷ್ಟು ಮರ್ಯಾದಸ್ಥರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ? ನನಗೆ ಒಳಗೊಳಗೇ ಅಳುಕು ಇದ್ದೇ ಇತ್ತು.

ಹೋದ ವರ್ಷ ಖಾಲಾ ಬಚ್ಚಲಲ್ಲಿ ಜಾರಿ ಬಿದ್ದು ಚಪ್ಪೆಯ ಎಲುಬು ಮುರಿದುಕೊಂಡರು. ಕಲಬುರಗಿಯಲ್ಲಿ ಆಪರೇಷನ್ ಆಯಿತು, ಒಳಗೆ ರಾಡು ಹಾಕಿದರು. ಮನೆಗೆ ಬಂದ ಮೇಲೆ ಅವರ ಮಂಚವನ್ನು ರಸ್ತೆ ಕಡೆಯ ಕೋಣೆಗೆ ಹಾಕಿದರು. ನೋಡಲು ಬರುವವರಿಗೂ ಅನುಕೂಲ, ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡಲೂ ಜಾಗ. ಆಗ ತಾನೇ ಮದುವೆಯಾಗಿ ಅಫಜಲಪುರದಿಂದ ಬಂದ ಸೊಸೆಯ ತಲೆಯ ಮೇಲೆ ಮನೆಯ ಕೆಲಸವೆಲ್ಲ ಬಿತ್ತು. ನಾನು ಒಂದು ವಾರ ಗಿಟಾರ್ ಮುಟ್ಟಲಿಲ್ಲ. ಆಮೇಲೆ, ಖಾಲಾ ಎದ್ದು ಕೂತು ಚಹಾ ಕುಡಿಯುತ್ತಾರೆ ಎಂದು ಹೆಂಡತಿ ಹೇಳಿದ ಮೇಲೆ, ಉಗುರುಬಣ್ಣದ ಗೆರೆಗಿಂತ ಸ್ವಲ್ಪ ಕೆಳಗೆ ಇಟ್ಟು ಮತ್ತೆ ಶುರು ಮಾಡಿದೆ.

ಮೂರನೆಯ ದಿನವೇ ಆಯಿತು ನೋಡಿ. ಬೆಳಿಗ್ಗೆ ಹಿತ್ತಲಿನ ನಳದಲ್ಲಿ ಮುಖ ತೊಳೆಯುತ್ತಿದ್ದೆ. ಗಿಡ್ಡ ಗೋಡೆಯ ಆ ಕಡೆಯಿಂದ ಸೊಸೆ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ, ಸರ್, ಅಮ್ಮಿ ಒಂದು ಮಾತು ಹೇಳಿ ಕಳಿಸಿದ್ದಾರೆ ಎಂದಳು. ಅತ್ತೆ ಅಂದದ್ದನ್ನು ಅತ್ತೆಯ ದಖನಿಯಲ್ಲೇ ಒಪ್ಪಿಸತೊಡಗಿದಳು: "ಆವಾಜ್ ಕಮ್..." ಅಷ್ಟರಲ್ಲಿ ಅವರ ಕುಕ್ಕರು ಜೋರಾಗಿ ಸೀಟಿ ಹಾಕಿತು. ಮುಂದಿನ ಮಾತು ಅದರಲ್ಲಿ ಮುಳುಗಿತು.

ಉಳಿದದ್ದು ಕೇಳುವ ಅಗತ್ಯ ನನಗೆ ಕಾಣಲಿಲ್ಲ. ಆವಾಜ್ ಕಮ್ ಎಂದ ಮೇಲೆ ಕರೋ ಎನ್ನದೆ ಇನ್ನೇನು ಎನ್ನುತ್ತಾರೆ? ಸದ್ದು ಕಡಿಮೆ ಮಾಡಿ. ಕ್ಲಾಸಿನಲ್ಲಿ ನಾನು ದಿನಕ್ಕೆ ಇಪ್ಪತ್ತು ಸಲ ಹೇಳುವ ಮಾತು. ಹನ್ನೊಂದು ವರ್ಷದ ಅಳುಕು ಒಮ್ಮೆಲೇ ನಿಜವಾಯಿತು, ಮುಖ ಒರೆಸಿಕೊಳ್ಳುವುದನ್ನೂ ಮರೆತೆ. "ಆಯ್ತವಾ, ಆಯ್ತು," ಎಂದು ಒಳಗೆ ಬಂದವನೇ ಪೆಟ್ಟಿಗೆಯ ವೈರು ಕಿತ್ತು ಸುತ್ತಿಟ್ಟೆ. ಎಲುಬು ಮುರಿದು ಮಲಗಿದ ಹೆಂಗಸು ಹೇಳಿ ಕಳಿಸುವ ತನಕ ನನಗೆ ಬುದ್ಧಿ ಬರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅದರ ಹಿಂದೆಯೇ, ಇಷ್ಟು ವರ್ಷ ಸಹಿಸಿಕೊಂಡೇ ಬಂದರೇನು ಎಂಬ ಯೋಚನೆ ಬಂತು. ಅದು ಇನ್ನೂ ಕೆಟ್ಟದ್ದು.

ಹೆಂಡತಿ ಅಂದಳು, "ಒಂದ್ ಸಲ ಹೋಗಿ ಕೇಳಿ ಬರ್ರಿ. ಖಾಲಾ ಹಂಗ ಅನ್ನೋರಲ್ಲ."

ಕೇಳುವುದೇನಿದೆ, ಅವರ ಬಾಯಿಂದ ಎರಡನೇ ಸಲ ಅನ್ನಿಸಬೇಕೇ ಎಂದು ನಾನು ಅವಳ ಮೇಲೆಯೇ ಸಿಟ್ಟು ಮಾಡಿದೆ. ಅವಳು ದಿನಾ ಆ ಕಡೆ ಗಂಜಿಯೋ ಪಲ್ಯವೋ ತೆಗೆದುಕೊಂಡು ಹೋಗುವವಳು. ಗಿಟಾರಿನ ಮಾತು ಎತ್ತಿದರೆ ನೋಡು ಎಂದು ಅವಳಿಂದ ಆಣೆ ಮಾಡಿಸಿಕೊಂಡೆ. ನಾನು ಮಾತ್ರ ವಾರಕ್ಕೊಮ್ಮೆ ಹೋಗಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕಳ್ಳನ ಹಾಗೆ ಐದು ನಿಮಿಷ ಕೂತು ಬರುತ್ತಿದ್ದೆ. ಒಂದು ಸಲ ಖಾಲಾ, ಯಾಕೆ ಮಾಸ್ತರ್, ಭಾಳ ಸುಮ್ಮನಾಗೀರಿ ಎಂದರು. ನಾನು ಕಡಿಮೆ ಮಾತಾಡುತ್ತಿದ್ದೇನೆ ಎಂದು ಹಾಗಂದರೆಂದು ತಿಳಿದು, ಪರೀಕ್ಷೆಯ ಪೇಪರು ತಿದ್ದುವುದಿದೆ ಎಂದು ಎದ್ದು ಬಂದೆ.

ಒಂದು ತಿಂಗಳು ಬಾರಿಸದೆ ಇದ್ದೆ. ಆ ತಿಂಗಳು ನನ್ನ ಜೊತೆ ಇರುವುದು ಯಾರಿಗೂ ಸುಲಭವಿರಲಿಲ್ಲ ಎಂದು ಕೇಳಿಬಲ್ಲೆ. ಶಾಲೆಯಲ್ಲಿ ಹುಡುಗರು ಹೆದರುತ್ತಿದ್ದರು. ಮನೆಯಲ್ಲಿ ಉಪ್ಪು ಹೆಚ್ಚಾಯಿತು, ಫ್ಯಾನ್ ಕಿರ್ರೆನ್ನುತ್ತದೆ ಎಂದು ದಿನಾ ಒಂದು ತಕರಾರು. ಕೊನೆಗೆ ಹೆಂಡತಿಯೇ, ಕಿವಿಗೆ ಹಾಕಿಕೊಂಡು ಬಾರಿಸುವ ಮಷೀನು ಏನಾದರೂ ಇದ್ದರೆ ತಂದುಕೊಂಡು ನಮ್ಮನ್ನು ಉಳಿಸಿ ಎಂದಳು.

ಇತ್ತು. ಹತ್ತು ದಿನ ಮೊಬೈಲಿನಲ್ಲಿ ವಿಡಿಯೋ ನೋಡಿ ನಾನು ಆ ವಿಷಯದಲ್ಲಿ ಪಂಡಿತನಾದೆ. ಮಾಡೆಲಿಂಗ್ ಆಂಪ್ ಎನ್ನುತ್ತಾರೆ. ಪುಟ್ಟ ಡಬ್ಬಿಯೊಳಗೆ ಹತ್ತಾರು ದೊಡ್ಡ ಪೆಟ್ಟಿಗೆಗಳ ದನಿಯ ನಕಲು ಇರುತ್ತದೆ. ಗುಂಡಿ ಒಂದು ಸಲ ತಿರುಗಿಸಿದರೆ ಹಳೇ ಪೆಟ್ಟಿಗೆಯ ಬೆಚ್ಚನೆಯ ದನಿ, ಇನ್ನೊಂದಕ್ಕೆ ಹರಿದು ಗುರುಗುಟ್ಟುವ ದನಿ. ನಮ್ಮ ಹಗಲುವೇಷದವನು ಇವತ್ತು ರಾಮನಾಗಿ, ನಾಳೆ ಪೊಲೀಸನಾಗಿ ಬಾಗಿಲಿಗೆ ಬರುವ ಹಾಗೆ. ವಿಡಿಯೋದವರೆಲ್ಲ ಇದು ಮಲಗುವ ಕೋಣೆಗೆ ತಕ್ಕ ಸದ್ದು ಎಂದು ಹೊಗಳುತ್ತಿದ್ದರು. ಅವರ ಕೋಣೆಗಳಲ್ಲಿ ಜಮಖಾನೆ, ದಪ್ಪ ಪರದೆ, ಮುಚ್ಚಿದ ಬಾಗಿಲು. ನಮ್ಮಲ್ಲಿ ಒಂದು ಇಟ್ಟಿಗೆಯ ಗೋಡೆ, ಅದರಲ್ಲಿ ಎರಡೂ ಮನೆಗೆ ಸೇರಿ ಒಂದೇ ಗೂಡು. ಹಾಗಾಗಿ ಮೂರು ಶರತ್ತು ಬರೆದಿಟ್ಟುಕೊಂಡೆ. ಸದ್ದು ಸಣ್ಣದಿದ್ದಾಗಲೂ ದನಿ ಸೊರಗಬಾರದು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಹೊರಗೆ ಪೂರ್ತಿ ಬಂದ್ ಆಗಬೇಕು. ನಮ್ಮ ಊರಿನ ಕರೆಂಟನ್ನು ನಂಬುವಂತಿಲ್ಲ, ಬ್ಯಾಟರಿ ಮೇಲೂ ನಡೆಯಬೇಕು.

ಒಂದು ಭಾನುವಾರ ಗಿಟಾರ್ ಹೆಗಲಿಗೆ ಹಾಕಿಕೊಂಡು ಕಲಬುರಗಿಯ ಬಸ್ಸು ಹತ್ತಿದೆ. ಅಂಗಡಿಯವರು ಹಾರ್ಮೋನಿಯಂ, ತಬಲಾ, ಬ್ಯಾಂಡಿನ ಕಹಳೆಗಳ ನಡುವೆ ಕೂತ ದಪ್ಪ ಮನುಷ್ಯ. ಆಂಪ್ಲಿಫೈಯರ್ ಎಂದ ಕೂಡಲೇ ಎಷ್ಟು ಮಂದಿ ಕೂಡುವ ಕಾರ್ಯಕ್ರಮ ಎಂದು ಕೇಳಿದರು. ಒಬ್ಬನೇ ಎಂದೆ. ಬಾರಿಸುವವರಲ್ಲ, ಕೇಳುವವರು ಎಂದರು. ಕೇಳುವವನೂ ನಾನೇ ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ ಮೂರು ಡಬ್ಬಿ ತಂದಿಟ್ಟರು.

ಮೊದಲನೆಯದರ ಮೈತುಂಬ ದೀಪ. ದನಿ ಬದಲಿಸಬೇಕೆಂದರೆ ಪ್ರತಿ ಸಲ ಮೊಬೈಲ್ ತೆಗೆಯಬೇಕು. ಒಂದು ಹಾಡಿಗೆ ಎಂಟು ಸಲ ಕನ್ನಡಕ ಹಾಕುವವನಿಗೆ ಅದು ಆಗುವ ಮಾತಲ್ಲ. ಎರಡನೆಯದು ಜೋರಾಗಿ ಇಟ್ಟಾಗ ಎದೆ ತುಂಬುವ ಹಾಗೆ ನುಡಿಯಿತು, ಅಂಗಡಿಯವರು ತಲೆದೂಗಿದರು. ಸದ್ದು ಇಳಿಸಿದ ಕೂಡಲೇ ಕಂಬಳಿ ಹೊದ್ದು ಮಾತಾಡಿದಂತೆ ಮಸಕಾಯಿತು. ಮೂರನೆಯದು ಊಟದ ಡಬ್ಬಿಗಿಂತ ತುಸು ದೊಡ್ಡದು, ಬಣ್ಣವೂ ಮಂಕು. ಅದರ ಸದ್ದನ್ನು ಪಿಸುಮಾತಿಗೆ ಇಳಿಸಿದೆ. ಒಂದೊಂದು ತಂತಿಯೂ ಬಿಡಿಬಿಡಿಯಾಗಿ, ಮೈಕೈ ತುಂಬಿಕೊಂಡು ಕೇಳಿತು. ಆದರೂ ಪರೀಕ್ಷೆ ಮಾಡದೆ ನಂಬುವವನಲ್ಲ ನಾನು. ಗಿಟಾರನ್ನು ಅವರ ಕೈಗೆ ಕೊಟ್ಟು, ಹೀಗೇ ಮೀಟುತ್ತಿರಿ ಎಂದು ಹೇಳಿ, ಗಾಜಿನ ಬಾಗಿಲು ಎಳೆದುಕೊಂಡು ಹೊರಗೆ ಮೆಟ್ಟಿಲ ಮೇಲೆ ನಿಂತೆ. ಒಳಗೆ ಅವರ ಕೈ ಆಡುವುದು ಕಾಣುತ್ತಿತ್ತು. ಕಿವಿಗೆ ಏನೂ ಬೀಳಲಿಲ್ಲ. ನಗುತ್ತ ಒಳಗೆ ಬಂದೆ.

"ಎಲ್ಲಾರೂ ಹೊರಗ ನಿಂತು ಕೇಳತದೋ ಇಲ್ಲೋ ನೋಡ್ತಾರ್ರಿ," ಎಂದರು ಅಂಗಡಿಯವರು. "ಕೇಳವಲ್ದು ಅಂತ ಖುಷಿಯಾಗಿ ಬಂದೋರು ನೀವೊಬ್ಬರೇ."

ಮನೆಗೆ ಬಂದು ಅದೇ ಪರೀಕ್ಷೆಯನ್ನು ಹೆಂಡತಿಯಿಂದ ಮಾಡಿಸಿದೆ. ಹಿತ್ತಲಲ್ಲಿ ನಿಲ್ಲಿಸಿದೆ, ಮುಂದಿನ ಬಾಗಿಲಲ್ಲಿ ನಿಲ್ಲಿಸಿದೆ, ಗೋಡೆಗೆ ಕಿವಿ ಹಚ್ಚಿಸಿದೆ. ಪ್ರತಿ ಸಲವೂ ಏನೂ ಕೇಳವಲ್ದು ಎಂದು ಕೂಗಿದಳು, ಕೊನೆಗೆ ಆ ಕೂಗೇ ಪಕ್ಕದ ಮನೆಗೆ ಕೇಳಿಸಿರಬೇಕು. ಆವತ್ತಿನಿಂದ ಸಂಜೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ನನ್ನ ಲೋಕ ನನಗೆ. ಹೊರಗಿನವರಿಗೆ ತಂತಿಯ ಟಿಕ್ ಟಿಕ್ ಅಷ್ಟೇ. ಮೈಮೇಲಿದ್ದ ಮೂಟೆ ಇಳಿಸಿದಂತೆ ಹಗುರವಾಯಿತು. ಯಾರಿಗೂ ತ್ರಾಸವಿಲ್ಲ ಅನ್ನುವುದೊಂದೇ ಎಷ್ಟು ದೊಡ್ಡ ಸುಖ! ಎರಡೇ ತಿಂಗಳಲ್ಲಿ ಆ ತಿರುವೂ ಕೈಗೆ ಹತ್ತಿತು. ಕಿರುಬೆರಳು ಚಾಚಿ ಮೇಲಿನ ಸ್ವರ ಹಿಡಿದು ಬೆಣ್ಣೆಯ ಹಾಗೆ ಕೆಳಗೆ ಜಾರುತ್ತಿದ್ದೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ ಎಂಬುದೊಂದೇ ಕೊರತೆ.

ಒಂದು ಸಂಜೆ ಚಹಾದ ಕಪ್ಪಿಗೆ ಕೈ ಚಾಚುವಾಗ ಕುರ್ಚಿಯ ಕಾಲಿಗೆ ಹೆಡ್‌ಫೋನಿನ ವೈರು ಸಿಕ್ಕಿ ಡಬ್ಬಿಯಿಂದ ಕಿತ್ತುಬಂತು. ಕಿವಿಯಲ್ಲಿ ಕೇಳುವುದಕ್ಕೆಂದು ಸದ್ದನ್ನು ಜೋರಾಗಿಯೇ ಇಟ್ಟಿದ್ದೆ. ಪುಟ್ಟ ಡಬ್ಬಿ ಎಂದು ಹಗುರವಾಗಿ ನೋಡಿದ್ದೆನಲ್ಲ, ಅದು ನನ್ನ ಧಾಟಿಯ ಅರ್ಧವನ್ನು ಇಡೀ ಓಣಿಗೆ ಕೇಳುವಂತೆ ನುಡಿಯಿತು. ಸ್ವಿಚ್ಚು ಹುಡುಕಿ ಆರಿಸುವಷ್ಟರಲ್ಲಿ ಕಪ್ಪು ಉರುಳಿತ್ತು. ಕಷ್ಟಪಟ್ಟು ಕಾಪಾಡಿದ್ದೆಲ್ಲ ಒಂದು ಗಳಿಗೆಯಲ್ಲಿ ಹೋಯಿತಲ್ಲ ಎಂದುಕೊಳ್ಳುವಾಗಲೇ ಬಾಗಿಲು ಬಡಿದ ಸದ್ದಾಯಿತು.

ಖಾಲಾನ ಸೊಸೆ. ಅವಳು ಬಾಯಿ ತೆರೆಯುವ ಮೊದಲೇ ನಾನು ಕೈ ಜೋಡಿಸಿದ್ದೆ. ತಪ್ಪಾಯ್ತವಾ, ವೈರು ಬಿಚ್ಚಿತು, ಇನ್ನೊಮ್ಮೆ ಆಗುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ನನ್ನನ್ನೂ ನನ್ನ ಹಿಂದೆ ನಿಂತ ಹೆಂಡತಿಯನ್ನೂ ನೋಡಿದಳು.

"ಯಾಕ್ ಬಂದ್ ಮಾಡಿದ್ರಿ ಸರ್?" ಎಂದಳು. "ಅಮ್ಮಿ ಕೇಳಾಕತ್ತಾರ್ರಿ. ಮಾಸ್ತರ್ ಸಿಟ್ಟು ಇಳದದೇನ್ ಕೇಳಿ ಬಾ ಅಂದ್ರು."

ಯಾರ ಸಿಟ್ಟು, ಯಾವ ಸಿಟ್ಟು? ನನಗೆ ತಲೆಬುಡ ತಿಳಿಯಲಿಲ್ಲ. ಹೆಂಡತಿ ಹಿಂದಿನಿಂದ, ಈಗಲಾದರೂ ಹೋಗಿ ಕೇಳಿ ಬರ್ರಿ ಎಂದು ಬೆನ್ನಿಗೆ ಬೆರಳಿಂದ ತಿವಿದಳು. ಚಪ್ಪಲಿ ಹುಡುಕದೆ ಹಾಗೇ ಹೋದೆ.

ಖಾಲಾ ದಿಂಬಿಗೆ ಒರಗಿ ಕೂತಿದ್ದರು. ವಾಕರ್ ಪಕ್ಕದಲ್ಲಿತ್ತು. ಮುಖ ಸ್ವಲ್ಪ ಇಳಿದಿತ್ತು, ಕಣ್ಣು ಹಾಗೇ ಇತ್ತು. ಈ ಸಲ ನಾನು ಬಾಗಿಲ ಹತ್ತಿರದ ಕುರ್ಚಿ ಬಿಟ್ಟು ಮಂಚದ ಪಕ್ಕ ಹೋಗಿ ನಿಂತೆ.

"ಖಾಲಾ, ನೀವೇ ಆವಾಜ್ ಕಮ್ ಮಾಡ್ರಿ ಅಂತ ಹೇಳಿ ಕಳಿಸಿದ್ರಲ್ಲ," ಎಂದೆ. "ಅದಕ್ಕ ಬಿಟ್ಟೇನಿ."

"ನಾ ಯಾವಾಗ ಹಂಗಂದೆ?" ಖಾಲಾ ಎದ್ದು ಕೂರಲು ನೋಡಿದರು. "ಆವಾಜ್ ಕಮ್ ಆರಾ ಅಂದೆ ಮಾಸ್ತರ್. ಕಮ್ ಬರಾಕತ್ತದ, ಈ ಖೋಲಿ ತನಕ ಬರವಲ್ದು, ಸ್ವಲ್ಪ ಜೋರ್ ಹಚ್ಚಂತ ಹೇಳು ಅಂದಿದ್ದೆ."

ಆರಾ. ಬರುತ್ತಿದೆ. ಕುಕ್ಕರಿನ ಸೀಟಿಯಲ್ಲಿ ಮುಳುಗಿದ್ದು ಆ ಎರಡು ಅಕ್ಷರ ಮತ್ತು ಅದರ ಮುಂದಿನದೆಲ್ಲ. ಅದರ ಜಾಗಕ್ಕೆ ನಾನು ನನ್ನ ಅಳುಕಿನಿಂದ ಕರೋ ಎಂದು ತುಂಬಿಸಿಕೊಂಡಿದ್ದೆ. ಇನ್ನು ಅವರ ಕಡೆಯಿಂದ ನೋಡಿದರೆ, ಸ್ವಲ್ಪ ಜೋರು ಮಾಡಿ ಎಂದದ್ದಕ್ಕೆ ಆಯ್ತು ಆಯ್ತು ಎಂದ ಮನುಷ್ಯ ಆವತ್ತಿನಿಂದಲೇ ಪೂರ್ತಿ ನಿಲ್ಲಿಸಿದ್ದ. ಹುಷಾರಿಲ್ಲದವಳು ಹುಕುಂ ಮಾಡಿದಳೆಂದು ಮಾಸ್ತರಿಗೆ ಖರಾಬ್ ಅನ್ನಿಸಿರಬೇಕು ಎಂದು ಅವರು ಮಂಚದ ಮೇಲೆ ಮಲಗಿ ಅಷ್ಟೂ ದಿನ ಕೊರಗಿದ್ದರು. ಯಾಕೆ ಸುಮ್ಮನಾಗೀರಿ ಎಂದು ಬಾಯಿಬಿಟ್ಟು ಕೇಳಿದರೆ ನಾನು ಪರೀಕ್ಷೆಯ ಪೇಪರಿನ ನೆಪ ಹೇಳಿ ಎದ್ದು ಬಂದಿದ್ದೆ. ನಿಂತಲ್ಲೇ ನಗು ಬಂತು, ಅದರ ಜೊತೆಗೇ ಕಣ್ಣಲ್ಲಿ ನೀರೂ ಬಂತು. ಖಾಲಾ ನನ್ನನ್ನು ಸಹಿಸಿಕೊಂಡಿರಲಿಲ್ಲ. ಅದೊಂದು ತಿಳಿದದ್ದೇ ಸಾಕಾಗಿತ್ತು, ನಾನು ಮಂಚದ ಅಂಚಿಗೆ ಕೂತುಬಿಟ್ಟೆ.

ಆಮೇಲೆ ಖಾಲಾ ಒಂದೊಂದಾಗಿ ಹೇಳಿದರು. ಹಗಲೆಲ್ಲ ಮಷೀನು ತುಳಿದು, ನನ್ನ ಗಿಟಾರ್ ಶುರುವಾದ ಕೂಡಲೇ ಅದನ್ನು ನಿಲ್ಲಿಸಿ, ಗೋಡೆಗೆ ಬೆನ್ನು ಕೊಟ್ಟು ಕೈಯಿಂದ ಕಾಜಾ ಹಾಕಲು ಕೂರುತ್ತಿದ್ದರಂತೆ. ಹನ್ನೊಂದು ವರ್ಷ ಓಣಿಯ ಹೆಂಗಸರ ಕುಪ್ಪಸಗಳ ಕಾಜಾ, ಗುಂಡಿ ಎಲ್ಲ ನನ್ನ ಧಾಟಿಯ ಮೇಲೆಯೇ ಆದದ್ದು. ಬಿದ್ದು ಬಂದ ಮೇಲೆ ಮಂಚ ಈ ಕಡೆ ಬಂತು, ಸಂಜೆ ಕಿವಿ ಎಷ್ಟು ಚುರುಕು ಮಾಡಿದರೂ ಮೊದಲಿನಷ್ಟು ಕೇಳಲಿಲ್ಲ.

"ನೀವು ಒಂದ್ ಕಡಿ ಕಾಯಂ ತಪ್ತೀರಿ ನೋಡ್ರಿ," ಎಂದರು. "ಇವತ್ತರ ಸರಿ ಬರ್ತದೇನ್, ಇವತ್ತರ ಬರ್ತದೇನ್ ಅಂತ ನಾ ದಿನಾ ಕಾಯ್ತಿದ್ದೆ."

ನಾನು ಎದ್ದು ಮನೆಗೆ ಬಂದೆ. ಗಿಟಾರ್ ಹೆಗಲಿಗೆ ಹಾಕಿ, ಡಬ್ಬಿಯನ್ನು ಒಂದೇ ಕೈಯಲ್ಲಿ ಎತ್ತಿಕೊಂಡೆ. ಹಳೇ ಪೆಟ್ಟಿಗೆಯಾಗಿದ್ದರೆ ಅದನ್ನು ಆ ಮನೆಗೆ ಸಾಗಿಸಲು ಇನ್ನೊಬ್ಬ ಬೇಕಾಗುತ್ತಿತ್ತು. ಅಷ್ಟೊತ್ತಿಗೆ ಕರೆಂಟು ಹೋಯಿತು. ಹೋಗಲಿ, ಬ್ಯಾಟರಿ ಇತ್ತಲ್ಲ. ಸೊಸೆ ಚಾರ್ಜಿಂಗ್ ಲೈಟು ಹಚ್ಚಿ ಸ್ಟೂಲು ತಂದಿಟ್ಟಳು, ಅದರ ಮೇಲೆ ಡಬ್ಬಿಯನ್ನು ಖಾಲಾನ ಕಡೆ ಮುಖ ಮಾಡಿ ಇಟ್ಟೆ. ಹೆಂಡತಿಯೂ ಬಂದು ಮಂಚದ ಕಾಲ ಬದಿ ಕೂತಳು. ಎಷ್ಟು ಸಣ್ಣಗೆ ನುಡಿಯುತ್ತದೆ ಎಂದು ಅಳೆದು ಅಳೆದು ತಂದ ಆ ಡಬ್ಬಿಯ ಗುಂಡಿಯನ್ನು ಬೇಕೆಂದೇ ಅರ್ಧಕ್ಕಿಂತ ಮೇಲೆ ತಿರುಗಿಸಿದೆ.

ಧಾಟಿ ಹಿಡಿದೆ. ಖಾಲಾ ಕಣ್ಣು ಮುಚ್ಚಿದರು. ಅವರ ಬಲಗೈಯ ಬೆರಳುಗಳು ಹೊದಿಕೆಯ ಅಂಚಿನ ಮೇಲೆ ಸೂಜಿ ಹಿಡಿದ ಹಾಗೆ ಆಡತೊಡಗಿದವು. ಆ ತಿರುವು ಬಂತು. ಹೆಡ್‌ಫೋನ್ ಹಾಕಿಕೊಂಡಾಗ ಬೆಣ್ಣೆಯ ಹಾಗೆ ಜಾರುತ್ತಿದ್ದ ಕಿರುಬೆರಳು, ಇಷ್ಟು ದಿನ ಕಾಯ್ದವರ ಮುಂದೆ, ಹನ್ನೊಂದು ವರ್ಷ ಎಲ್ಲಿ ಮುಗ್ಗರಿಸುತ್ತಿತ್ತೋ ಸರಿಯಾಗಿ ಅಲ್ಲೇ ಮುಗ್ಗರಿಸಿತು.

ಖಾಲಾ ಕಣ್ಣು ತೆರೆಯಲಿಲ್ಲ. ಮುಖದ ತುಂಬ ನಗು ಹರಡಿತು.

"ಹಾಂ," ಎಂದರು. "ಅಬ್ ಆರಾ."

ಈಗ ಬರುತ್ತಿದೆ. ಈ ಸಲ ನಾನು ಮಾತು ಪೂರ್ತಿ ಕೇಳಿಸಿಕೊಂಡೆ. ಮತ್ತೆ ಮೊದಲಿನಿಂದ ಶುರು ಮಾಡಿದೆ.